ದಕ್ಷಿಣಕ್ಕಿಟ್ಟ ಗಂಟು, ಉತ್ತರದ ವಿಮಾನ

ಹೊಸದುರ್ಗದಲ್ಲಿ ಕೂತು ವಿಮಾನದ ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ಈ ಕೆಲಸದ ಮೊದಲ ತಲೆನೋವೆಂದರೆ, ಇದೇ ನಮ್ಮದು ಎಂದು ಬೆರಳು ತೋರಿಸುವಂಥ ನಿಲ್ದಾಣ ನಮಗಿಲ್ಲ. ಬೆಂಗಳೂರಿಗೂ ಹುಬ್ಬಳ್ಳಿಗೂ ಹೆಚ್ಚುಕಡಿಮೆ ಒಂದೇ ದೂರ. ಶಿವಮೊಗ್ಗ ಹತ್ತಿರವೇನೋ ಹೌದು, ಆದರೆ ಹೋಗಬೇಕಾದ ಊರಿಗೆ ಹೋಗಬೇಕಾದ ದಿನ ಅಲ್ಲಿಂದ ವಿಮಾನ ಸಿಕ್ಕರೆ ಅದು ನಮ್ಮ ಪುಣ್ಯ. ಎರಡನೆಯ ತಲೆನೋವು ಈಚಿನದು. ಮುಂಬಯಿಗೂ ಈಗ ಎರಡು ನಿಲ್ದಾಣ. ಹಳೆಯದು ಊರೊಳಗೆ, ಹೊಸದು ಕೊಲ್ಲಿಯ ಆಚೆ, ಪನ್ವೇಲ್ ಮಗ್ಗುಲಲ್ಲಿ. ಹಾಗಾಗಿ ಯಾರಾದರೂ ಬಂದು ಮುಂಬಯಿಗೆ ಎರಡು ಟಿಕೆಟ್ ಎಂದರೆ, ಮುಂಬಯಿಯಲ್ಲಿ ಎಲ್ಲಿಗೆ ಎಂದು ನಾನು ಕೇಳಲೇಬೇಕು. ಕೆಲವರಿಗೆ ಅದು ಅಧಿಕಪ್ರಸಂಗದ ಹಾಗೆ ಕಾಣುತ್ತದೆ.

ಆ ಮೂವರು ಬಂದಾಗಲೂ ಅದನ್ನೇ ಕೇಳಿದೆ. ಹೊಳಲ್ಕೆರೆಯಿಂದ ಬಂದಿದ್ದರು. ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್, ಹೆಂಡತಿ ಅಂಗನವಾಡಿ ಟೀಚರ್. ಜೊತೆಗೆ ಲೈನ್‌ಮನ್ನರ ತಾಯಿ, ಹಣೆ ತುಂಬ ವಿಭೂತಿ, ಮಡಿಲಲ್ಲಿ ಬಟ್ಟೆಯ ಚೀಲ. ಅವರನ್ನು ಹಿರಿಯಮ್ಮ ಎನ್ನುತ್ತೇನೆ.

"ಪನ್ವೇಲ್ ಹತ್ರ ರಿ. ನಾನು, ಇವ್ರು, ಇಬ್ರೇ," ಎಂದರು ಟೀಚರ್.

"ಹೋಗೋದು ಇಬ್ರು. ವಾಪಸ್ ಬರೋದು?"

ಲೈನ್‌ಮನ್ ಹೆಂಡತಿಯನ್ನು ನೋಡಿದರು. ಹೆಂಡತಿ ಅತ್ತೆಯನ್ನು ನೋಡಿದರು. "ಅದನ್ನ ಈಗ್ಲೇ ಬರೀಬ್ಯಾಡ ತಾಯಿ," ಎಂದರು ಹಿರಿಯಮ್ಮ.

ನನಗೆ ಅರ್ಧ ಮಾತು ಕೇಳಿ ಸುಮ್ಮನಿರುವ ತಾಳ್ಮೆಯಿಲ್ಲ. ಬರೆಯದೆ ಟಿಕೆಟ್ ಹೇಗಾಗುತ್ತದೆ ಎಂದು ರೇಗಿದೆ. ಆಗ ಟೀಚರ್ ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ವಿಷಯ ಬಿಚ್ಚಿದರು. ಮಗುವೊಂದನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದರು. ಈಗ ಪನ್ವೇಲ್ ಕಡೆಯ ಸಂಸ್ಥೆಯೊಂದರಲ್ಲಿರುವ ಹೆಣ್ಣುಮಗುವಿನ ವಿವರ ಇವರಿಗೆ ಬಂದಿತ್ತು. ಒಪ್ಪಿದ್ದಾಗಿತ್ತು. ಇನ್ನು ಗಂಡ ಹೆಂಡತಿ ಇಬ್ಬರೂ ಖುದ್ದಾಗಿ ಹೋಗಿ ಮಗುವನ್ನು ನೋಡಿ, ಮೂಲ ದಾಖಲೆಗಳನ್ನು ತೋರಿಸಿ, ಸಮಿತಿಯ ಎದುರು ಕೂರಬೇಕು. ಸಮಿತಿ ಸೇರುವುದು ಶುಕ್ರವಾರ ಬೆಳಿಗ್ಗೆ. ಅದು ತಪ್ಪಿದರೆ ಇವರಿಗೆ ಕೊಟ್ಟ ಗಡುವು ಮುಗಿಯುತ್ತದೆ, ಮಗುವಿನ ವಿವರ ಬೇರೊಬ್ಬರಿಗೆ ಹೋಗುತ್ತದೆ, ಇವರು ಮತ್ತೆ ಸಾಲಿನ ತುದಿಗೆ.

ಹೊಳಲ್ಕೆರೆಯಲ್ಲೂ ಟಿಕೆಟ್ ಮಾಡುವವರಿದ್ದಾರೆ. ಆದರೆ ಅಲ್ಲಿ ಮಾಡಿಸಿದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ ಎಂಬ ಭಯ. "ಕೈಗೆ ಬಂದ ಮ್ಯಾಲೆ ಹೇಳಾಣ. ಬರದೇ ಹೋದ್ರೆ ನನ್ನ ಸೊಸೆ ಮಖ ಎಲ್ಲಿಟ್ಕಬೇಕು?" ಎಂದರು ಹಿರಿಯಮ್ಮ.

ನನಗೆ ಉಪಾಯ ಸುಲಭವಾಗಿಯೇ ಕಂಡಿತು. ಬೆಂಗಳೂರಿನಿಂದ ಮುಂಬಯಿಯ ಹೊಸ ನಿಲ್ದಾಣಕ್ಕೆ ಗುರುವಾರ ಮಧ್ಯಾಹ್ನ ವಿಮಾನವಿತ್ತು. ಹೊಸದುರ್ಗ, ಹಿರಿಯೂರು, ಶಿರಾ ದಾಟಿ, ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನ ಒಳಗೆ ಕಾಲಿಡದೆ ವಿಮಾನ ಹತ್ತಬಹುದು. ಆ ಕಡೆ ಇಳಿದರೆ ಸಂಸ್ಥೆ ಕೂಗಳತೆಯಲ್ಲಿ. ಹುಬ್ಬಳ್ಳಿಯಿಂದ ಹೋದರೆ ಅಂದು ಸಿಗುತ್ತಿದ್ದುದು ಹಳೆಯ ನಿಲ್ದಾಣದ ವಿಮಾನ. ಅಲ್ಲಿಳಿದು ಸಂಜೆಯ ಸಂಚಾರದಲ್ಲಿ ಊರು ಸೀಳಿಕೊಂಡು ಕೊಲ್ಲಿ ದಾಟಬೇಕು. ಮೊದಲ ಸಲ ವಿಮಾನ ಹತ್ತುವವರಿಗೆ ಅದು ಬೇಡವೆಂದು ನಿರ್ಧರಿಸಿಬಿಟ್ಟೆ.

"ಗುರುವಾರ ದಕ್ಷಿಣಕ್ಕೆ ಶೂಲೆ ಐತೆ," ಎಂದರು ಹಿರಿಯಮ್ಮ.

ವಾರಶೂಲೆ. ಯಾವ ವಾರ ಯಾವ ದಿಕ್ಕಿಗೆ ಹೊರಡಬಾರದೆಂಬ ಪಂಚಾಂಗದ ಲೆಕ್ಕ. ನನ್ನ ಮೇಜಿಗೆ ಅದು ಹೊಸದಲ್ಲ, ಪ್ರತಿ ವಾರ ಒಬ್ಬರಾದರೂ ತರುತ್ತಾರೆ.

"ಅಮ್ಮಾ, ಮುಂಬಯಿ ಇರೋದೇ ಉತ್ತರಕ್ಕೆ. ಬೆಂಗಳೂರಲ್ಲಿ ಹತ್ತಿದ್ರೂ ವಿಮಾನ ಉತ್ತರಕ್ಕೇ ಹೋಗೋದು."

"ವಿಮಾನದ ಸುದ್ದಿ ಯಾರು ಕೇಳಿದ್ರು? ಮನಿ ಹೊಸ್ತಿಲು ದಾಟಿ ಯಾವ ದಿಕ್ಕಿಗೆ ಹೊಂಡ್ತಾರೆ ಅನ್ನೋದು ಲೆಕ್ಕ. ಹುಬ್ಬಳ್ಳಿ ಕಡೆ ಹೋಗಾಕೆ ಏನಡ್ಡಿ? ಗುರುವಾರ ಉತ್ತರಕ್ಕೆ ಏನೂ ಇಲ್ಲ."

ಒಂದು ಹಾಳೆಯ ಹಿಂದೆ ಮುಂಬಯಿಯ ನಕ್ಷೆ ಬರೆದು ತೋರಿಸಿದೆ. ಇಲ್ಲಿ ಹಳೆಯದು, ಇಲ್ಲಿ ನೀರು, ಇಲ್ಲಿ ಹೊಸದು, ಇಲ್ಲಿ ಮಗು. ಹಿರಿಯಮ್ಮ ನೀರಿನ ಗೆರೆಯ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದರು. ಕೊನೆಗೆ, "ಹಂಗಾದ್ರೆ ಬೆಂಗಳೂರೇ ಆಗ್ಲಿ. ಪರಸ್ತಾನ ಇಡಾಣ," ಎಂದರು.

ಒಳ್ಳೆಯ ದಿನವೂ ಹೊರಡುವ ದಿನವೂ ಒಂದೇ ಆಗದಿದ್ದಾಗ ನಮ್ಮ ಕಡೆ ಮಾಡುವ ಏರ್ಪಾಡು ಇದು. ಹೊರಡುವವರ ಬಟ್ಟೆಯನ್ನೋ ಅವರ ಪ್ರಿಯವಾದ ವಸ್ತುವನ್ನೋ ಗಂಟು ಕಟ್ಟಿ, ಒಳ್ಳೆಯ ಗಳಿಗೆಯಲ್ಲಿ, ಹೋಗಬೇಕಾದ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಮುಂಚಿತವಾಗಿ ಇಟ್ಟು ಬರುತ್ತಾರೆ. ಪಯಣ ಅಲ್ಲಿಗೆ ಶುರುವಾಯಿತೆಂದು ಲೆಕ್ಕ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ, ಹೋಗುತ್ತ ಆ ಗಂಟನ್ನು ಎತ್ತಿಕೊಂಡರಾಯಿತು. ಸಾಮಾನ್ಯವಾಗಿ ಪಕ್ಕದ ಮನೆಯಲ್ಲಿಡುತ್ತಾರೆ. ಆದರೆ ಪಕ್ಕದ ಮನೆಯವರಿಗೇ ಗೊತ್ತಾಗಬಾರದು ಎಂಬುದು ಇವರ ಚಿಂತೆ.

"ನಿನ್ನ ಅಂಗಡಿ ನಮಗೆ ದಕ್ಷಿಣಕ್ಕೇ ಐತಲ್ಲ," ಎಂದರು ಹಿರಿಯಮ್ಮ.

"ಇದು ಅಂಗಡಿ ಅಮ್ಮಾ, ಮನೆಯಲ್ಲ."

"ಸೂರು ಐತಲ್ಲ, ಸಾಕು."

ಬುಧವಾರ ಬೆಳಿಗ್ಗೆ ಅತ್ತೆ ಸೊಸೆ ಬಸ್ಸಿನಲ್ಲಿ ಬಂದು ಹಸಿರು ಬಟ್ಟೆಯ ಗಂಟೊಂದನ್ನು ಪ್ರಿಂಟರ್ ಮೇಲಿನ ಹಲಗೆಯಲ್ಲಿ ಇಟ್ಟರು. ಬಿಚ್ಚಬಾರದು, ನೆಲಕ್ಕೆ ಇಡಬಾರದು, ತಿರುಗಿ ತಮ್ಮ ಮನೆಯ ಹೊಸ್ತಿಲೊಳಗೆ ಬರಬಾರದು ಎಂದು ಹಿರಿಯಮ್ಮ ಕಟ್ಟಪ್ಪಣೆ ಮಾಡಿದರು. ನಾನು ರೂಢಿಯಂತೆ, "ಕೊಬ್ಬರಿ ಗಿಬ್ಬರಿ ಇಟ್ಟಿಲ್ಲ ತಾನೆ? ವಿಮಾನದಲ್ಲಿ ಬಿಡಲ್ಲ," ಎಂದೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹಿಡಿಯುವ ವಸ್ತು ಎಂದು ಕೈಚೀಲದಲ್ಲೂ ಬಿಡುವುದಿಲ್ಲ, ಕೆಳಗೆ ಹಾಕುವ ಸಾಮಾನಿನಲ್ಲೂ ಬಿಡುವುದಿಲ್ಲ. ಕೊಬ್ಬರಿಯ ಊರಾದ ನಮ್ಮಲ್ಲಿ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಹಿರಿಯಮ್ಮ "ನಿನಗ್ಯಾಕೆ ತಾಯಿ ಅದೆಲ್ಲ" ಎಂದು ನಕ್ಕರು.

ಅಂದು ಮಧ್ಯಾಹ್ನ ಮೊಬೈಲಿಗೆ ಸಂದೇಶ ಬಂತು. ಗುರುವಾರದ ಆ ವಿಮಾನ ರದ್ದು.

ಇಂಥದ್ದು ಬಂದಾಗ ಮೊದಲು ಮಾಡಬೇಕಾದ ಕೆಲಸ ಯಾರಿಗೂ ಫೋನ್ ಮಾಡದಿರುವುದು. ಕೈಯಲ್ಲಿ ಬೇರೆ ದಾರಿಯಿಲ್ಲದೆ ಫೋನ್ ಮಾಡಿದರೆ ಅವರ ಅಳುವನ್ನೂ ನಾವೇ ಕೇಳಬೇಕು. ಬೆಂಗಳೂರಿನಿಂದ ಹಳೆಯ ನಿಲ್ದಾಣಕ್ಕೆ ವಿಮಾನಗಳು ಬೇಕಾದಷ್ಟಿವೆ, ನೋಡಿದೆ. ಶನಿವಾರದಿಂದ ಸಾಲು ರಜೆ, ಊರಿಗೆ ಹೊರಟವರ ಜೊತೆಗೆ ರದ್ದಾದ ವಿಮಾನದವರೂ ಸೇರಿ ಎಲ್ಲ ತುಂಬಿತ್ತು. ಒಂದು ಕಡೆ ಒಂದು ಸೀಟು ಕಂಡಿತು, ಒತ್ತುವಷ್ಟರಲ್ಲಿ ಅದೂ ಹೋಯಿತು. ಶುಕ್ರವಾರ ಬೆಳಗಿನ ವಿಮಾನದಲ್ಲಿ ಸ್ಥಳವಿತ್ತು, ಆದರೆ ಅದು ಸ್ವಲ್ಪ ತಡವಾದರೂ ಸಮಿತಿ ಎದ್ದು ಹೋಗಿರುತ್ತದೆ. ಶಿವಮೊಗ್ಗದಿಂದ ಬೇರೊಂದು ಊರಿನ ಮೇಲೆ ಸುತ್ತಿ ಹೋಗುವುದೂ ಹೊಂದಲಿಲ್ಲ. ರೈಲಿನ ವೇಟಿಂಗ್ ಲಿಸ್ಟ್ ದಸರಾ ಮೆರವಣಿಗೆಯಷ್ಟು ಉದ್ದವಿತ್ತು. ಕೂತಲ್ಲಿ ಕೂರಲಾಗದೆ ಅಂಗಡಿಯ ಬಾಗಿಲಿಗೂ ಕಂಪ್ಯೂಟರಿಗೂ ಓಡಾಡಿದೆ. ಪಕ್ಕದ ಕೊಬ್ಬರಿ ಮಂಡಿಯವರು "ಏನ್ ಮೇಡಮ್ಮೋರೇ, ವಾಕಿಂಗಾ?" ಎಂದು ಕಿಚಾಯಿಸಿದರು. ಅವರ ಮೇಲೂ ಸಿಟ್ಟು ಬಂತು.

ಕೊನೆಗೆ ಹುಬ್ಬಳ್ಳಿಯಲ್ಲಿ ಎರಡು ಸೀಟು ಸಿಕ್ಕವು. ಗುರುವಾರ ಮಧ್ಯಾಹ್ನ, ಮುಂಬಯಿಯ ಹಳೆಯ ನಿಲ್ದಾಣಕ್ಕೆ. ಹಿರಿಯಮ್ಮ ಮೊದಲೇ ಹೇಳಿದ್ದ ದಾರಿ, ನಾನು ನಕ್ಷೆ ಬರೆದು ಬೇಡವೆಂದ ದಾರಿ. ಸಂಚಾರದಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡರೂ ಗುರುವಾರ ರಾತ್ರಿಯೊಳಗೆ ಪನ್ವೇಲ್ ಸೇರಿಯೇ ಸೇರುತ್ತಾರೆ ಎಂದು ಎರಡನ್ನೂ ತೆಗೆದುಬಿಟ್ಟೆ. ಆಮೇಲೆ ಫೋನ್ ಮಾಡಿದೆ.

"ಬೆಳಿಗ್ಗೆ ಬೇಗ ಹೊರಡ್ರಿ. ಈ ಕಡೆ ಬರಬ್ಯಾಡ್ರಿ. ಭೀಮಸಮುದ್ರದ ಮೇಲೆ ಹೆದ್ದಾರಿ ಹಿಡಿದು ನೆಟ್ಟಗೆ ದಾವಣಗೆರೆ, ಹುಬ್ಬಳ್ಳಿ," ಎಂದು ಲೈನ್‌ಮನ್ನರಿಗೆ ಹೇಳಿದೆ. ಆತ ಅದನ್ನೇ ಮೂರು ಸಲ ಒಪ್ಪಿಸಿದರು. ಗಂಟು ನನ್ನ ತಲೆಯ ಮೇಲೇ, ಹಲಗೆಯಲ್ಲೇ ಇತ್ತು. ಇಬ್ಬರಿಗೂ ನೆನಪಾಗಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಅಂಗಡಿಯ ಮುಂದೆ ನೀರು ಹಾಕುತ್ತಿದ್ದಾಗ ಟೀಚರ್ ಫೋನ್ ಬಂತು. ದಾವಣಗೆರೆ ಬೈಪಾಸಿನಲ್ಲಿದ್ದರು.

"ಮೇಡಂ, ಗಂಟು."

"ಅದೊಂದು ಗಂಟು ತಾನೆ? ದೇವರು ಕ್ಷಮಿಸ್ತಾನೆ, ಹೋಗ್ರಿ."

"ಅದ್ರಾಗೆ ಫೈಲ್ ಐತ್ರಿ. ಮದುವೆ ರಿಜಿಸ್ಟ್ರೇಷನ್ನು, ಡಾಕ್ಟರ್ ಸರ್ಟಿಫಿಕೇಟು, ಎಲ್ಲ ಒರಿಜಿನಲ್ಲು. ಯಾವುದು ಇಲ್ದೆ ಹೋಗಾಕೇ ಆಗಲ್ವೋ ಅದನ್ನೇ ಗಂಟಿನಾಗೆ ಇಡಬೇಕು ಅಂದ್ರು ಅತ್ತೆ."

ಆಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಗುರುತಿನ ಚೀಟಿ ಮೊಬೈಲಿನಲ್ಲಿತ್ತು, ವಿಮಾನ ಹತ್ತಲು ಅಡ್ಡಿಯಿಲ್ಲ. ಆದರೆ ಸಮಿತಿಯವರು ಮೂಲ ದಾಖಲೆಯನ್ನೇ ನೋಡಬೇಕು, ನಕಲು ನಡೆಯದು ಎಂದು ಬರೆದೇ ತಿಳಿಸಿದ್ದರು. ಅವರು ವಾಪಸ್ ಬಂದರೆ ವಿಮಾನ ತಪ್ಪುತ್ತದೆ. ದಾವಣಗೆರೆಯಲ್ಲಿ ನನಗಾಗಿ ಕಾದರೂ ತಪ್ಪಬಹುದು. "ನೀವು ನಿಲ್ಲಬ್ಯಾಡ್ರಿ. ಹುಬ್ಬಳ್ಳಿಗೆ ಹೋಗಿ ಯಜಮಾನ್ರು ಒಳಗೆ ಚೀಲ ಕೊಡ್ಲಿ, ನೀವು ಬಾಗಿಲಲ್ಲೇ ಇರ್ರಿ. ಗಂಟು ನಾನು ತರ್ತೀನಿ," ಎಂದೆ. ಹಲಗೆಯಿಂದ ಗಂಟು ಎತ್ತಿಕೊಂಡು, ಅಂಗಡಿಗೆ ಬೀಗ ಹಾಕಿ ಕಾರು ಹತ್ತಿದೆ.

ನಾನು ಹೊಳಲ್ಕೆರೆಗೆ ಬರುವಷ್ಟರಲ್ಲಿ ಸೊಸೆಯಿಂದ ಸುದ್ದಿ ತಿಳಿದ ಹಿರಿಯಮ್ಮ ರಸ್ತೆಯಲ್ಲೇ ನಿಂತಿದ್ದರು. ಮನೆಯ ಮುಂದೆ ಅಲ್ಲ, ಮನೆ ದಾಟಿ ಅಷ್ಟು ದೂರ ಮುಂದೆ. ಗಂಟು ಮನೆಯ ಮುಂದೆ ನಿಲ್ಲಬಾರದಂತೆ. ಕಾರಿನ ಬಾಗಿಲು ತಾವೇ ತೆಗೆದು ಕೂತರು.

"ನೀವ್ಯಾಕಮ್ಮ?"

"ಇಟ್ಟೋಳು ನಾನು. ನಾನೇ ಎತ್ತಿ ಕೊಡ್ಬೇಕು. ಹೋಗಾಣ ನಡಿ."

ಭೀಮಸಮುದ್ರದಲ್ಲಿ ಅಡಿಕೆ ಮೂಟೆ ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ತುಂಬ. ಒಂದು ತಿರುಗಿಸಿಕೊಳ್ಳುತ್ತಿತ್ತು, ಇನ್ನೊಂದು ಅದಕ್ಕೆ ದಾರಿ ಬಿಡುತ್ತಿರಲಿಲ್ಲ. ನಾನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಹಿರಿಯಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಲೇ ತಮ್ಮಾ, ಮಗು ತರಾಕೆ ಹೊಂಟೀವಿ ಕಣೋ, ದಾರಿ ಬಿಡೋ!" ಎಂದು ಕೂಗಿದರು. ಅವನಿಗೆ ಏನು ತಿಳಿಯಿತೋ, ಟ್ರ್ಯಾಕ್ಟರನ್ನು ಚರಂಡಿಯವರೆಗೆ ಸರಿಸಿದ. ಊರಿಗೆಲ್ಲ ಗುಟ್ಟು ಮಾಡಿದವರು ಹೀಗೆ ಕೂಗಿದ್ದು ನೋಡಿ ನನಗೆ ನಗು ಬಂತು, ಆದರೆ ನಗುವಷ್ಟು ಪುರುಸೊತ್ತು ಇರಲಿಲ್ಲ.

ಹೆದ್ದಾರಿಗೆ ಬಿದ್ದ ಮೇಲೆ ಟೋಲಿನಲ್ಲಿ ನನ್ನ ಫಾಸ್ಟ್ಯಾಗ್ ಓದಿಸಿಕೊಳ್ಳಲಿಲ್ಲ. ನಗದು ಹುಡುಕುವಷ್ಟರಲ್ಲಿ ಹಿಂದಿನವರು ಬೈದರು. ದಾವಣಗೆರೆ ದಾಟಿದಾಗ ಹಿರಿಯಮ್ಮ ಕೊರಳಲ್ಲಿದ್ದ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಆ ಗಡಿಬಿಡಿಯಲ್ಲಿ ಬೆಳಗಿನ ಪೂಜೆ ಆಗಿರಲಿಲ್ಲ. ಪೂಜೆಯಾಗದೆ ಅವರು ಹನಿ ನೀರೂ ಕುಡಿಯುವವರಲ್ಲ.

"ಸ್ವಲ್ಪ ಮೆಲ್ಲಗೆ ಹೋಗು ತಾಯಿ. ಅಂಗೈ ಅಲ್ಲಾಡ್ತೈತೆ."

ನನ್ನ ಜೀವ ಹುಬ್ಬಳ್ಳಿಯಲ್ಲಿತ್ತು. ಬೈಯಬೇಕೆನಿಸಿತು. ಆದರೂ ಎಡಕ್ಕೆ ಸರಿದು, ಲಾರಿಗಳ ಹಿಂದೆ, ಸೈಕಲ್ ತುಳಿಯುವವರ ಹಾಗೆ ಹೋದೆ. ಅವರು ಕಣ್ಣು ಮುಚ್ಚಿ ಕೂತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ಪಕ್ಕದಲ್ಲಿ ಬಸ್ಸುಗಳು ಭರ್ರೆಂದು ಹೋಗುತ್ತಿದ್ದವು. ಪೂಜೆ ಮುಗಿದು ಲಿಂಗ ಕರಡಿಗೆ ಸೇರಿದ ಕೂಡಲೇ ಅವರೇ, "ಹೂಂ, ಈಗ ಓಡ್ಸು," ಎಂದರು.

ರಾಣೆಬೆನ್ನೂರು ಕಳೆದ ಮೇಲೆ ಮಡಿಲಲ್ಲಿದ್ದ ಗಂಟನ್ನು ಸವರುತ್ತ ತಾವಾಗಿಯೇ ಮಾತು ತೆಗೆದರು.

"ನನ್ನ ಸೊಸೆಗೆ ಎರಡು ಸಲ ಬಸ್ರು ನಿಂತೂ ಉಳೀಲಿಲ್ಲ. ಎರಡು ಸಲಾನೂ ಮಡಿಲು ತುಂಬೋ ತಿಂಗಳು ಬರ್ಲೇ ಇಲ್ಲ. ಬಳೆ ತಂದಿಟ್ಟಿದ್ದೆ. ಪೆಟ್ಟಿಗೇಲೇ ಉಳ್ದೋದ್ವು. ಅದ್ಕೇ ಈ ಗಂಟು ಕಟ್ವಾಗ ಯೋಚ್ನೆ ಬಂತು. ಹೊಟ್ಯಾಗೆ ಹೊತ್ತು ತಂದ್ರೂ ಮಗಾನೇ, ವಿಮಾನದಾಗೆ ಹೊತ್ತು ತಂದ್ರೂ ಮಗಾನೇ. ಮಡಿಲಕ್ಕೀನೇ ಕಟ್ಟಿದೀನಿ. ಅಕ್ಕಿ, ಅರಿಶಿಣದ ಕೊಂಬು, ಎಲೆ ಅಡಿಕೆ, ಆ ಹಸಿರು ಬಳೆ, ಕೊಬ್ರಿ ಬಟ್ಲು..."

"ಕೊಬ್ಬರಿ!"

"ಹೂಂ ಮತ್ತೆ. ಕೊಬ್ರಿ ಇಲ್ದೆ ಯಾವ ಮಡಿಲಕ್ಕಿ ತಾಯಿ?"

ಇಷ್ಟು ಹೊತ್ತು ಮಾಡದ ಕೆಲಸ ಆಗ ಮಾಡಿದೆ. ಕಾರು ಓಡಿಸುತ್ತಲೇ ಅತ್ತುಬಿಟ್ಟೆ. ಸಿಟ್ಟಿಗೋ ದುಃಖಕ್ಕೋ ನನಗೇ ಗೊತ್ತಾಗಲಿಲ್ಲ. ಹಿರಿಯಮ್ಮ ಸೆರಗಿನಿಂದ ನನ್ನ ಕೆನ್ನೆ ಒರೆಸಿ, ರಸ್ತೆ ನೋಡು ಎಂದು ಗದರಿದರು.

ಹುಬ್ಬಳ್ಳಿ ನಿಲ್ದಾಣದ ಬಾಗಿಲಲ್ಲಿ ಟೀಚರ್ ಒಬ್ಬರೇ ನಿಂತಿದ್ದರು. ಲೈನ್‌ಮನ್ ಒಳಗಿನಿಂದ ಫೋನ್ ಮೇಲೆ ಫೋನ್ ಮಾಡುತ್ತಿದ್ದರು, ಕೌಂಟರ್ ಮುಚ್ಚುವ ಹೊತ್ತು. ಟಿಕೆಟ್ ಇಲ್ಲದ ನಾವು ಒಳಗೆ ಹೋಗುವಂತಿಲ್ಲ. ಕೊಬ್ಬರಿಯಿರುವ ಗಂಟು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಎಲ್ಲ ಬಿಚ್ಚಿಸಿ, ಕೇಳಿ, ಇದ್ದ ಗಳಿಗೆಯೂ ಹೋಗುತ್ತದೆ.

"ಅಮ್ಮಾ, ಗಂಟು ಬಿಚ್ಚಬೇಕು," ಎಂದೆ.

ಬಿಚ್ಚಬಾರದೆಂದು ಕಟ್ಟಪ್ಪಣೆ ಮಾಡಿದ್ದವರು ನನ್ನ ಮುಖ ನೋಡಿದರು. ಆಮೇಲೆ ಕಾರಿನ ಮೇಲೇ ಗಂಟಿಟ್ಟು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಮೇಲೆಯೇ ಫೈಲ್ ಇತ್ತು. ಅದನ್ನು ಟೀಚರ್ ಎದೆಗೆ ಅವಚಿಕೊಂಡರು. ಅದರ ಕೆಳಗೆ ಅಕ್ಕಿ, ಅರಿಶಿಣ, ಹಸಿರು ಬಳೆ. ಬಳೆ ಕಂಡ ಟೀಚರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಅತ್ತೇ," ಎಂದರು, ಅಷ್ಟೇ.

"ಅಳಬ್ಯಾಡ, ಕೈ ಕೊಡು."

ವಿಮಾನ ನಿಲ್ದಾಣದ ಬಾಗಿಲಲ್ಲಿ, ಗಾಲಿಪೆಟ್ಟಿಗೆಗಳನ್ನು ಎಳೆದುಕೊಂಡು ಹೋಗುವವರ ನಡುವೆ, ಹಿರಿಯಮ್ಮ ಸೊಸೆಯ ಎರಡೂ ಕೈಗೆ ಬಳೆ ಏರಿಸಿದರು. ಅಕ್ಕಿ ಅರಿಶಿಣವನ್ನು ಅವಳ ಸೆರಗಿಗೆ ಹಾಕಿ ಗಂಟು ಕಟ್ಟಿದರು. ಬಂದೂಕು ಹಿಡಿದ ಕಾವಲಿನವನು ಗಡಿಯಾರ ತೋರಿಸಿ "ಜಲ್ದಿ, ಮಾಂಜೀ" ಎಂದನೇ ಹೊರತು ತಡೆಯಲಿಲ್ಲ. ಟೀಚರ್ ಬಳೆ ಸದ್ದು ಮಾಡುತ್ತ ಒಳಗೆ ಓಡಿದರು.

ಕೊಬ್ಬರಿ ಬಟ್ಟಲು ಹಿರಿಯಮ್ಮನ ಕೈಯಲ್ಲೇ ಉಳಿಯಿತು. "ಮಡಿಲು ಅರ್ಧ ಆಯ್ತು," ಎಂದರು ಸಣ್ಣ ಮುಖ ಮಾಡಿ.

"ಬಂದ ಮೇಲೆ ಪೂರ್ತಿ ತುಂಬಿರಂತೆ."

ಅವರು ಅದನ್ನು ನನ್ನ ಕೈಗಿಟ್ಟರು. "ನಮ್ಮ ಮನಿಗೆ ಇದನ್ನ ತಿರುಗಿ ಒಯ್ಯಂಗಿಲ್ಲ. ನಿನ್ನ ಅಂಗಡೀಲೇ ಇಟ್ಕಾ."

ಆ ಸಂಜೆ ಮುಂಬಯಿಯ ರಸ್ತೆಯಲ್ಲಿ ಅವರು ಸಿಕ್ಕಿಕೊಂಡರು, ನಾನು ಹೇಳಿದ್ದಂತೆಯೇ. ಟ್ಯಾಕ್ಸಿ ನಿಂತಲ್ಲೇ ನಿಂತಿದೆ ಎಂದು ಲೈನ್‌ಮನ್ ಫೋನ್ ಮಾಡಿದಾಗ ನನ್ನ ಮಾತು ನಿಜವಾಯಿತೆಂದು ಎಳ್ಳಷ್ಟೂ ಸಂತೋಷವಾಗಲಿಲ್ಲ. ಆದರೂ ಕತ್ತಲಾದ ಮೇಲೆ ಪನ್ವೇಲ್ ಸೇರಿದರು.

ಶುಕ್ರವಾರ ನಾನು ಮಾಡಿದ ಕೆಲಸ ಸೊನ್ನೆ. ಒಬ್ಬರಿಗೆ ತಿರುಪತಿ ಟಿಕೆಟನ್ನು ತಪ್ಪು ದಿನಕ್ಕೆ ಮಾಡಿ, ರದ್ದು ಮಾಡಿ, ಮತ್ತೆ ಮಾಡಿದೆ. ಹಲಗೆಯ ಮೇಲೆ ಗಂಟು ಇದ್ದ ಜಾಗದಲ್ಲಿ ಕೊಬ್ಬರಿ ಬಟ್ಟಲು ಇತ್ತು. ಅದನ್ನು ನೋಡುವುದು, ಫೋನ್ ನೋಡುವುದು, ಬಾಗಿಲಿಗೆ ಹೋಗುವುದು. ಸಮಿತಿಯವರು ಬೇಡವೆಂದರೆ ಆ ಹೆಣ್ಣುಮಗಳು ಕೈತುಂಬ ಹಸಿರು ಬಳೆ ಹಾಕಿಕೊಂಡು ಹೇಗೆ ವಾಪಸ್ ಬರುತ್ತಾಳೆ ಎಂಬ ಯೋಚನೆ ಬಂದು ಊಟ ಸೇರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಫೋನ್ ಬಂತು.

"ಮೇಡಂ, ವಾಪಸ್ ಟಿಕೆಟ್ ಮಾಡ್ರಿ," ಎಂದರು ಟೀಚರ್. ಹಿಂದೆ ಮಗುವೊಂದು ಕಿರುಚುತ್ತಿತ್ತು. "ಮೂರು."

ರಜೆಯಲ್ಲೂ ಸಂಸ್ಥೆ ತೆರೆದಿರುತ್ತಿತ್ತು, ಆದರೂ ಉಳಿದ ಕಾಗದಪತ್ರ ಮುಗಿದು ಮಗುವನ್ನು ಇವರ ವಶಕ್ಕೆ ಕೊಡಲು ಇನ್ನೆರಡು ದಿನ ಬೇಕಿತ್ತು. ಸೋಮವಾರಕ್ಕೆ ಹೊಸ ನಿಲ್ದಾಣದಿಂದ ಬೆಂಗಳೂರಿಗೆ ಸೀಟು ಹಿಡಿದೆ. ಎರಡು ವರ್ಷದೊಳಗಿನ ಮಗುವಿಗೆ ಬೇರೆ ಸೀಟಿಲ್ಲ, ಅಮ್ಮನ ತೊಡೆಯೇ ಸೀಟು. ಆದರೆ ಹೆಸರು, ಹುಟ್ಟಿದ ದಿನ ಸಂಸ್ಥೆ ಕೊಟ್ಟ ಕಾಗದದಲ್ಲಿ ಇದ್ದಂತೆಯೇ ಇರಬೇಕು. ಅಕ್ಷರ ಅಕ್ಷರ ಕೇಳಿ ತುಂಬಿಸಿದೆ. ನೂರಾರು ಮಕ್ಕಳ ಟಿಕೆಟ್ ಮಾಡಿದವಳು, ಅಂದು ಆ ಮೂರನೆಯ ಸಾಲನ್ನು ಮತ್ತೆ ಮತ್ತೆ ಓದಿ ನೋಡಿದೆ. ಹಣ ಕಟ್ಟುವ ಮುಂಚೆ ಹಿರಿಯಮ್ಮನಿಗೆ ಫೋನ್ ಮಾಡಿ, ಸೋಮವಾರದ ಶೂಲೆ ಯಾವ ದಿಕ್ಕಿಗೆ ಎಂದು ನಾನೇ ಕೇಳಿದೆ.

"ಮನಿಗೆ ಬರೋರಿಗೆ ಎಂಥ ಶೂಲೆ? ಅದು ಹೋಗೋರಿಗೆ," ಎಂದರು.

ಸೋಮವಾರ ಸಂಜೆಗೆ ಮುಂಚೆಯೇ ಹಿರಿಯಮ್ಮ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯಲ್ಲಿ ಕೂತರು. ಚಹ ಬೇಡ, ನೀರು ಬೇಡ. ಕಾರು ಬಂದು ನಿಂತಾಗ ನನಗಿಂತ ಮೊದಲು ಅವರೇ ಎದ್ದರು. ಟೀಚರ್ ಇಳಿದರು, ಕಂಕುಳಲ್ಲಿ ಮಗು. ಪಿಳಿಪಿಳಿ ನೋಡುವ ಕಣ್ಣು, ಮುಂದೆ ನಾಲ್ಕು ಹಲ್ಲು, ಒಂದು ಮುಷ್ಟಿಯಲ್ಲಿ ಅಮ್ಮನ ಹಸಿರು ಬಳೆಗಳು.

ಹಿರಿಯಮ್ಮ ಮಗುವಿನ ಹತ್ತಿರ ಹೋಗಲಿಲ್ಲ. ಮೊದಲು ರಸ್ತೆಯ ಕಡೆ ತಿರುಗಿದರು. "ಏನಪ್ಪ, ಮಂಡಿಯೋರೇ! ಹೊರಗ್ ಬರ್ರಿ. ಆ ಹೋಟ್ಲಿನೋರ್ನೂ ಕರೀರಿ. ನನ್ನ ಮೊಮ್ಮಗಳು ಬಂದಾಳೆ, ನೋಡ್ ಬರ್ರಿ!"

ಕೊಬ್ಬರಿ ಸುಲಿಯುತ್ತಿದ್ದ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದರು. ಟೀಚರ್ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಸೆರಗೊಡ್ಡಿ ನಿಂತರು. ಹಲಗೆಯ ಮೇಲಿದ್ದ ಕೊಬ್ಬರಿ ಬಟ್ಟಲನ್ನು ಹಿರಿಯಮ್ಮನಿಗೆ ಕೊಡಲು ಹೋದೆ. ಅವರು ಇಸಿದುಕೊಳ್ಳಲಿಲ್ಲ.

"ಇಷ್ಟು ದಿನ ಇಟ್ಕಂಡಿದ್ದು ನೀನು. ನೀನೇ ಹಾಕವ್ವ."

ಹಾಕಿದೆ. ಅದು ಸೆರಗಿನ ತಳ ಮುಟ್ಟುವ ಮೊದಲೇ ಮಗು ಬಳೆ ಬಿಟ್ಟು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಿತು. ನಮ್ಮನ್ನೆಲ್ಲ ಒಮ್ಮೆ ನೋಡಿ, ಆ ನಾಲ್ಕು ಹಲ್ಲಿನಿಂದ ಕೊಬ್ಬರಿಯ ಅಂಚನ್ನು ಕಚ್ಚಿತು.